ಬಸ್ಸಿಗೆ ಹತ್ತುವ ಹಾಗೆ ಬನ್ನಿ

"ಆ ಮನುಷ್ಯನಿಗೆ ಊರಿನ ಎಲ್ಲರ ಮುಖ ನೆನಪುಂಟು, ಆ ಮನುಷ್ಯನ ಮುಖ ಮಾತ್ರ ಊರಿನಲ್ಲಿ ಒಬ್ಬರಿಗೂ ನೆನಪಿಲ್ಲ." ಶಂಕರಪುರದ ಪೇಟೆಯಲ್ಲಿ ದಾಮೋದರಣ್ಣನ ಬಗ್ಗೆ ಜನ ಆಡುತ್ತಿದ್ದ ಮಾತು ಇದು. ಬೆಳಗ್ಗೆ ಮಲ್ಲಿಗೆಯ ಕಟ್ಟು ತಂದು ಇಳಿಸುವವರು, ದರ ಎಷ್ಟು ನಿಂತಿತೆಂದು ಕೇಳಲು ಬಂದವರು, ಸುಮ್ಮನೆ ಚಹಾ ಕುಡಿಯಲು ಬಂದವರು, ಎಲ್ಲರೂ ಇದನ್ನು ಒಮ್ಮೆಯಾದರೂ ಹೇಳಿ ನಕ್ಕವರೇ. ದಾಮೋದರಣ್ಣ ಪಕ್ಕದಲ್ಲೇ ನಿಂತಿದ್ದರೂ ಹೇಳುತ್ತಿದ್ದರು. ಯಾಕೆಂದರೆ ಪಕ್ಕದಲ್ಲಿ ನಿಂತಿರುವುದು ಅವರೇ ಎಂದು ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಹೇಳುವವರದ್ದೂ ತಪ್ಪಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅವರು 'ಶ್ರೀವಾಣಿ' ಬಸ್ಸಿನ ಕಂಡಕ್ಟರ್. ಉಡುಪಿಯಲ್ಲಿ ಹೊರಟರೆ ಕಟಪಾಡಿ, ಶಂಕರಪುರ, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ. ಕಾರ್ಕಳದಲ್ಲಿ ತಿರುಗಿದರೆ ಅದೇ ದಾರಿ, ಅದೇ ಉಡುಪಿ. ಬಸ್ಸಿನಲ್ಲಿ ಕಂಡಕ್ಟರನ ಮುಖ ಯಾರು ನೋಡುತ್ತಾರೆ? ಟಿಕೇಟು ಕೊಡುವ ಕೈಯನ್ನು ನೋಡುತ್ತಾರೆ, ಚಿಲ್ಲರೆ ಕೊಡದ ಕೈಯನ್ನು ಇನ್ನೂ ಚೆನ್ನಾಗಿ ನೋಡುತ್ತಾರೆ. ಉಳಿದದ್ದು ಸ್ವರ. "ದುಂಬು ಪೋಲೆ, ದುಂಬು ಪೋಲೆ" ಎಂದು ಅವರು ಜನರನ್ನು ಮುಂದೆ ಮುಂದೆ ಕಳಿಸುತ್ತಿದ್ದ ಸ್ವರ, ಬಾಗಿಲ ಪಕ್ಕದ ತಗಡಿಗೆ ಅವರು ಅಂಗೈಯಿಂದ ಬಡಿಯುತ್ತಿದ್ದ ಸದ್ದು. ಒಂದು ಸಲ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು. ಆ ಎರಡು ಬಡಿತ ಕೇಳದೆ ಶ್ರೀವಾಣಿ ಒಂದು ದಿನವೂ ಹೊರಟದ್ದಿಲ್ಲ.

ಒಮ್ಮೆ ಬೆಳ್ಮಣಿನಲ್ಲಿ ಒಂದು ಮದುವೆ. ದಾಮೋದರಣ್ಣ ಬಿಳಿ ಪಂಚೆ ಉಟ್ಟು, ಹೆಗಲಿಗೊಂದು ಶಾಲು ಹಾಕಿಕೊಂಡು ಊಟಕ್ಕೆ ಕುಳಿತಿದ್ದರು. ದಿನವೂ ಅವರ ಬಸ್ಸಿನಲ್ಲೇ ಹೋಗಿ ಬರುವ ಶಾಲೆಯ ಮಾಷ್ಟ್ರು ಪಕ್ಕದಲ್ಲಿ ಕುಳಿತು, ಸಾರು ಬಂದ ಮೇಲೆ ಕೇಳಿದರು, "ತಾವು ಗಂಡಿನ ಕಡೆಯವರಾ?"

"ಅಲ್ಲ."

"ಹೆಣ್ಣಿನ ಕಡೆಯಾ?"

ದಾಮೋದರಣ್ಣ ಎಲೆಯ ಮೇಲಿನ ಉಪ್ಪನ್ನು ಬದಿಗೆ ಸರಿಸಿ, "ಬಾಗಿಲಿನ ಕಡೆ," ಎಂದರು. "ಸ್ವಲ್ಪ ದುಂಬು ಪೋಲೆ ಮಾಷ್ಟ್ರೇ, ಬಡಿಸುವವರಿಗೆ ದಾರಿ ಇಲ್ಲ." ಆಗ ಮಾಷ್ಟ್ರಿಗೆ ಗುರುತು ಸಿಕ್ಕಿ, ನೆತ್ತಿಗೆ ಹತ್ತಿ, ನೀರು ಕುಡಿಸಬೇಕಾಯಿತು.

ಇಷ್ಟಾದರೂ ದಾಮೋದರಣ್ಣನಿಗೆ ಒಂದು ಆಸೆ ಇತ್ತು, ಅದನ್ನು ಅವರು ಯಾರಿಗೂ ಹೇಳಿದವರಲ್ಲ. ಊರಿನ ಯುವಕ ಮಂಡಲ ವರ್ಷಕ್ಕೊಂದು ತುಳು ನಾಟಕ ಆಡುತ್ತಿತ್ತು. ಬಸ್ಸಿನ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರು ಪಾರ್ಟು ಕೇಳಿಕೊಂಡು ಹೋಗಿದ್ದರು. "ನೀನು ಬೆಳಗಿನ ಮೊದಲ ಟ್ರಿಪ್ಪಿನವನು, ರಿಹರ್ಸಲಿಗೆ ದಿನಾ ಬರಲಿಕ್ಕೆ ನಿನಗೆ ಎಲ್ಲಿ ಆಗುತ್ತದೆ ಮಾರಾಯ? ಪ್ರಾಂಪ್ಟಿಂಗಿಗೆ ಕೂತುಕೋ" ಎಂದು ಹಿರಿಯರು ಅವರ ಕೈಗೆ ಟಾರ್ಚು ಕೊಟ್ಟರು. ಅಂದಿನಿಂದ ಪ್ರತಿ ವರ್ಷ ಪರದೆಯ ಬದಿಯಲ್ಲಿ ಕುಳಿತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ರಾಜನ ಮಾತು, ರಾಣಿಯ ಮಾತು, ಕುಡುಕನ ಮಾತು ಎಲ್ಲ ಅವರಿಗೆ ಬಾಯಿಪಾಠ. ಯಾರು ಎಲ್ಲಿ ಎದೆ ಮುಟ್ಟಿಕೊಳ್ಳಬೇಕು, ಯಾರು ಎಲ್ಲಿ ಆಕಾಶ ನೋಡಬೇಕು ಅದೂ ಗೊತ್ತು. ಚಪ್ಪಾಳೆ ಬಿದ್ದಾಗ ಟಾರ್ಚು ಆರಿಸಿ ಕತ್ತಲಲ್ಲಿ ಕುಳಿತಿರುತ್ತಿದ್ದರು.

ಹೆಂಡತಿ ಸುಭಾಷಿಣಿಗೆ ಮಾತ್ರ ಒಮ್ಮೆ ಹೇಳಿದ್ದುಂಟು. "ಒಂದೇ ಒಂದು ಸಲ ಜನ ನನ್ನ ಮುಖ ನೋಡಬೇಕು ಮಾರಾಯ್ತಿ."

ಸುಭಾಷಿಣಿ ಬಾಳೆನಾರಿಗೆ ಮಲ್ಲಿಗೆ ಮೊಗ್ಗು ಏರಿಸುತ್ತಾ, "ನಾನು ದಿನಾ ನೋಡುವುದಿಲ್ಲವಾ?" ಎಂದರು.

"ನೀನು ನೋಡುವುದು ಹೂವನ್ನು."

ಅದು ನಿಜವೇ ಆಗಿದ್ದರಿಂದ ಸುಭಾಷಿಣಿ ತಲೆ ಎತ್ತಲಿಲ್ಲ. ಗಂಟೆ ತಪ್ಪಿದರೆ ಕಟ್ಟಿ ಸುತ್ತಿದ ಹೂವಿನ ಚೆಂಡು ಪೇಟೆಗೆ ಮುಟ್ಟುವುದಿಲ್ಲ.

ಅವರು ಇದ್ದದ್ದು ಲಿಯೋನೆಲ್ ಎಂಬವರ ಹಳೆಯ ಹಂಚಿನ ಮನೆಯಲ್ಲಿ, ಬಾಡಿಗೆಗೆ. ಮದುವೆಯಾದ ಹೊಸತರಲ್ಲಿ ಬಂದವರು, ಅಂಗಳದಲ್ಲಿ ಮಲ್ಲಿಗೆ ಗಿಡ ನೆಟ್ಟರು, ಮಗಳು ಹರಿಪ್ರಿಯಾ ಅಲ್ಲೇ ಹುಟ್ಟಿ ಬೆಳೆದಳು. ದಾಮೋದರಣ್ಣ ಕೆಲಸದಿಂದ ನಿವೃತ್ತರಾದ ಎರಡನೇ ಬೇಸಿಗೆಯಲ್ಲಿ ಲಿಯೋನೆಲ್ ಬಂದು, ಜಗಲಿಯ ಮೇಲೆ ಕುಳಿತು, ತುಂಬ ಹೊತ್ತು ಮಳೆ, ಬಿಸಿಲು, ಮಲ್ಲಿಗೆಯ ರೋಗ ಎಲ್ಲ ಮಾತಾಡಿ ಕಡೆಗೆ ವಿಷಯ ಹೇಳಿದರು. ಮಳೆಗಾಲಕ್ಕೆ ಮೊದಲು ಮನೆ ಕೆಡವಿ ಅಲ್ಲೊಂದು ಹೊಸ ಕಟ್ಟಡ ಎಬ್ಬಿಸಬೇಕೆಂದು ಅವರ ಅಣ್ಣತಮ್ಮಂದಿರು ಸೇರಿ ನಿಶ್ಚಯ ಮಾಡಿದ್ದರು. ಜಗಳ ಮಾಡಲಿಕ್ಕೆ ಏನೂ ಇರಲಿಲ್ಲ. ಕಾರ್ಕಳದಲ್ಲಿ ಶಾಲೆಯ ಟೀಚರಾಗಿದ್ದ ಹರಿಪ್ರಿಯಾ ತನ್ನ ಮನೆಯ ಮಾಳಿಗೆಯಲ್ಲಿ ಎರಡು ಕೋಣೆ ಏರಿಸಿ, ಅಮ್ಮನ ಗಿಡಗಳಿಗೆಂದು ತಾರಸಿಯಲ್ಲಿ ಕುಂಡಗಳನ್ನೂ ಇಡಿಸಿದ್ದಳು. "ಇಲ್ಲಿ ಬಿಸಿಲು ಚೆನ್ನಾಗಿ ಉಂಟು, ಮೊಗ್ಗು ಇನ್ನೂ ದಪ್ಪ ಬರುತ್ತದೆ ನೋಡು" ಎಂದು ಅಮ್ಮನಿಗೆ ಫೋನಿನಲ್ಲಿ ಆಸೆ ತೋರಿಸುತ್ತಿದ್ದಳು.

ಆ ದಿನಗಳಲ್ಲೇ ಮಾನಸ ಬಂದದ್ದು.

ಮಾನಸ ಬೆಳ್ಮಣಿನ ಹುಡುಗಿ. ಮಣಿಪಾಲದಲ್ಲಿ ಓದಿ, ಅಲ್ಲಿ ಇಲ್ಲಿ ಸಿನೆಮಾದ ಕೆಲಸ ಮಾಡಿ, ಈಗ ತಾನೇ ಒಂದು ಸಣ್ಣ ಸಿನೆಮಾ ಮಾಡಲು ಹೊರಟಿದ್ದಳು. ಕೆಡವಲಿರುವ ಒಂದು ಮನೆ, ಆ ಮನೆಯ ಕಡೆಯ ದಿನ, ಆ ದಿನ ಅಲ್ಲಿಗೆ ಬಂದು ಹೋಗುವವರು, ಸಂಜೆ ಬೀಗ ಹಾಕಿ ಹೊರಡುವ ಒಬ್ಬ ಮುದುಕ. ಕತೆ ಇಷ್ಟೇ. ನಟರು ಬೇಡ, ಇಲ್ಲಿಯ ಜನರೇ ಬೇಕು, ಇಲ್ಲಿಯ ಮಾತೇ ಬೇಕು ಎಂಬುದು ಅವಳ ಹಟ. ಆದರೆ ಯಾರ ಎದುರು ಕ್ಯಾಮರಾ ಹಿಡಿದರೂ ಜನ ಎರಡೂ ಕೈ ತೊಡೆಗೆ ಅಂಟಿಸಿ, ಉಸಿರು ಕಟ್ಟಿ, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನಿಲ್ಲುತ್ತಿದ್ದರು. ಬಾಯಿ ಬಿಟ್ಟರೆ ರೇಡಿಯೋದ ವಾರ್ತೆಯ ಕನ್ನಡ ಬರುತ್ತಿತ್ತು.

ಹೀಗೆ ಅಲೆದು ಸುಸ್ತಾಗಿ ಅವಳು ಶಂಕರಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯರನ್ನು, "ಬೆಳ್ಮಣಿಗೆ ಬಸ್ಸು ಯಾವಾಗ?" ಎಂದು ಕೇಳಿದಳು.

"ಈಗ ಬರುತ್ತದೆ. ನೀವು ಕಾಲೇಜಿಗೆ ಹೋಗುವಾಗ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಿರಿ ಅಲ್ವಾ? ಕಿಟಕಿ ಸಿಗದಿದ್ದರೆ ಮುಖ ದಪ್ಪ ಮಾಡುತ್ತಿದ್ದಿರಿ."

ಮಾನಸ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಗುರುತು ಹತ್ತಲಿಲ್ಲ. "ನೀವು ಯಾರು?"

"ದುಂಬು ಪೋಲೆ," ಎಂದರು ದಾಮೋದರಣ್ಣ.

ಅವಳು ನಕ್ಕ ನಗುವಿಗೆ ತಂಗುದಾಣದ ಪಾರಿವಾಳ ಹಾರಿತು. ಬೆಳ್ಮಣಿನ ಬಸ್ಸು ಬಂತು, ಹೋಯಿತು, ಇನ್ನೊಂದೂ ಹೋಯಿತು. ಅಷ್ಟರಲ್ಲಿ ಮಾನಸ ತನ್ನ ಕಷ್ಟ ಎಲ್ಲ ಹೇಳಿಯಾಗಿತ್ತು.

"ನಿಮಗೆ ಮಾತಾಡದೆ ಸಿಟ್ಟು ತೋರಿಸುವವರು ಬೇಕಾ, ಮಾತಾಡಿ ಸಿಟ್ಟು ತೋರಿಸುವವರು ಬೇಕಾ?" ದಾಮೋದರಣ್ಣ ಕೇಳಿದರು. "ಮಾತಾಡುವವರಾದರೆ ಕಾಪುವಿನ ಅಕ್ಕು. ಮೀನಿನ ಬುಟ್ಟಿ ಟಾಪಿಗೆ ಹಾಕು ಎಂದರೆ ಶಿರ್ವದವರೆಗೂ ಬಯ್ಯುತ್ತಾಳೆ, ಇಳಿಯುವಾಗ ಮಾತ್ರ 'ಬರುತ್ತೇನೆ ದಾಮೋದರಣ್ಣ' ಎಂದು ಹೇಳದೆ ಇಳಿಯುವುದಿಲ್ಲ. ಸೈಕಲಿನಲ್ಲಿ ಪಾವು ಬ್ರೆಡ್ಡು ಮಾರುವ ಸಿರಿಲ್ ಇದ್ದಾರೆ, ಊರವರೆಲ್ಲ ಮರ್ಯಾದೆಗೆ ಪೊರ್ಬುಗಳು ಎನ್ನುವುದು, ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ. ಯಾರಾದರೂ ಬಂದರೆ ಏಳಬೇಕಾಗುತ್ತದಲ್ಲ, ಅದಕ್ಕಿಂತ ನಿಂತಿರುವುದೇ ಸಲೀಸು ಅಂತ."

ಮಾನಸಳಿಗೆ ಬೇಕಾದದ್ದು ಇದೇ ಆಗಿತ್ತು. ಮನೆಯೂ ಅವರದ್ದೇ ಸಿಕ್ಕಿತು. ಲಿಯೋನೆಲ್ ಒಪ್ಪಿದರು. "ಹೇಗೂ ಕೆಡವುವುದೇ, ಸಿನೆಮಾದಲ್ಲಾದರೂ ಇರಲಿ," ಎಂದರು.

ಶೂಟಿಂಗಿನ ಮೊದಲ ದಿನ ಆದದ್ದು ಮಾತ್ರ ನೋಡುವ ಹಾಗಿತ್ತು. ನಮ್ಮ ಕಡೆ ಫೋಟೋ ತೆಗೆಯುವುದು ಎಂದರೆ ಮದುವೆಗೆ ಹೊರಟ ಹಾಗೆಯೇ. ಅಕ್ಕು ಜರಿಯಂಚಿನ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು, ಬರಿಗೈಯಲ್ಲಿ ಬಂದಳು.

"ಬುಟ್ಟಿ ಎಲ್ಲಿ ಅಕ್ಕು?" ಮಾನಸ ಕೇಳಿದಳು.

"ಇಷ್ಟು ಜನ ನೋಡುವಲ್ಲಿಗೆ ಮೀನಿನ ಬುಟ್ಟಿ ತರುತ್ತಾರಾ ಮೇಡಂ? ವಾಸನೆ."

"ಸಿನೆಮಾದಲ್ಲಿ ವಾಸನೆ ಬರುವುದಿಲ್ಲ."

"ನೋಡಿದವರಿಗೆ ಗೊತ್ತಾಗುತ್ತದೆ," ಎಂದಳು ಅಕ್ಕು.

ಸಿರಿಲ್ ಇನ್ನೂ ಚಂದ. ಅರುವತ್ತೈದು ದಾಟಿದ ಮನುಷ್ಯ, ಬೆಳ್ಳಿಯಂಥ ತಲೆಗೂದಲನ್ನು ನೋಡಿಯೇ ಮಾನಸ ಒಪ್ಪಿದ್ದು. ಬೆಳಗ್ಗೆ ಬಂದದ್ದು ಕಾಡಿಗೆಯಂಥ ಕೂದಲಿನಲ್ಲಿ. ಹೆಂಡತಿ ಆಂಜೆಲಾ ರಾತ್ರಿ ಕೂರಿಸಿ ಡೈ ಹಚ್ಚಿದ್ದಳು. ಕ್ಯಾಮರಾ ಹಿಡಿಯುವ ನಂದನ ಎಂಬ ಹುಡುಗ ನಗು ತಡೆಯಲಾಗದೆ ಬಾವಿಕಟ್ಟೆಯ ಹಿಂದಕ್ಕೆ ಹೋದ. ಮಾನಸ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸುಭಾಷಿಣಿ ಒಬ್ಬರೇ ಎಂದಿನ ಸೀರೆಯಲ್ಲಿ ಎಂದಿನ ಜಾಗದಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಅವರನ್ನು ಯಾರು ಸಿನೆಮಾಕ್ಕೆ ತೆಗೆದರೂ ತೆಗೆಯದಿದ್ದರೂ ಚೆಂಡು ಮುಗಿಯಬೇಕಿತ್ತು.

ಆಗ ದಾಮೋದರಣ್ಣ ಮುಂದೆ ಬಂದು, ಜಗಲಿಯಲ್ಲಿ ಸಾಲಾಗಿ ನಿಂತವರಿಗೆಲ್ಲ ಹೇಳಿದರು, "ನೋಡಿ, ಹೀಗೆ ಮದುವೆಗೆ ಬರುವ ಹಾಗೆ ಬರಬೇಡಿ. ಬಸ್ಸಿಗೆ ಹತ್ತುವ ಹಾಗೆ ಬನ್ನಿ. ಬಸ್ಸಿಗೆ ಹತ್ತುವಾಗ ನೀವು ಹೇಗೆ ಕಾಣುತ್ತೀರಿ ಅಂತ ಯಾರಾದರೂ ನೋಡಿಕೊಳ್ಳುತ್ತೀರಾ? ಇಲ್ಲ. ಸೀಟು ಉಂಟಾ, ಕೊಡೆ ಉಂಟಾ, ಮಗುವಿನ ಕೈ ಹಿಡಿದದ್ದು ಉಂಟಾ, ಅಷ್ಟೇ. ಹಾಗೆ."

ಇದು ಹೇಗೋ ಎಲ್ಲರ ತಲೆಗೂ ಹೋಯಿತು. ಮರುದಿನ ಅಕ್ಕು ಹಳೆಯ ಸೀರೆ ಉಟ್ಟು, ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಬೈಗುಳ ಹೊತ್ತು ಗೇಟು ದೂಡಿಕೊಂಡು ಬಂದಳು. "ಈ ಬೆಕ್ಕನ್ನು ಕಟ್ಟಿ ಹಾಕಲಿಕ್ಕೆ ಆಗುವುದಿಲ್ಲವಾ ನಿಮಗೆ" ಎಂದು ಅವಳು ಸುಭಾಷಿಣಿಯ ಮೇಲೆ ಹಾರಿದ್ದು ಯಾರೂ ಬರೆದುಕೊಟ್ಟ ಮಾತಲ್ಲ. ಅದು ಹಾಗೇ ಸಿನೆಮಾಕ್ಕೆ ಸೇರಿತು. ಸಿರಿಲರ ಕೂದಲಿಗೆ ಏನೂ ಮಾಡಲಾಗದೆ ಮಾನಸ ಒಂದು ಟೊಪ್ಪಿ ಹಾಕಿಸಿದಳು. ಅವರು ಸೈಕಲ್ ಹಿಡಿದು ನಿಂತೇ ಮಾತಾಡಿ, ಕೂರಿ ಎಂದರೂ ಕೂರದೆ, ಪಾವಿನ ಕಟ್ಟು ಕೊಟ್ಟು ಹೋದರು. ದಿನ ಕಳೆದ ಹಾಗೆ, ಯಾರಾದರೂ ಹೊಸಬರು ಕ್ಯಾಮರಾ ನೋಡಿ ಬಿಗಿದುಕೊಂಡರೆ ನಂದನನೇ, "ಬಸ್ಸಿಗೆ, ಬಸ್ಸಿಗೆ" ಎನ್ನಲು ಶುರುಮಾಡಿದ.

ಒಂದು ಪಾರ್ಟು ಮಾತ್ರ ಉಳಿದಿತ್ತು. ಬೀಗ ಹಾಕಿ ಹೊರಡುವ ಮುದುಕನದ್ದು. ಮಾನಸ ಕೆಲವರನ್ನು ನೋಡಿದಳು, ಯಾರೂ ಕೂಡಿ ಬರಲಿಲ್ಲ. ದಾಮೋದರಣ್ಣ ಬೇರೆ ಬೇರೆ ಹೆಸರು ಹೇಳುತ್ತಲೇ ಇದ್ದರು, ತನ್ನ ಹೆಸರೊಂದನ್ನು ಬಿಟ್ಟು. ಕಡೆಗೆ ಸುಭಾಷಿಣಿಯೇ ಒಂದು ದಿನ ಚಹಾ ಕೊಡುವಾಗ, ಕಪ್ಪು ಇಟ್ಟು, "ಇವರು ಕೇಳುವುದಿಲ್ಲ. ಇವರಿಗೆ ತುಂಬ ವರ್ಷದ ಆಸೆ," ಎಂದು ಒಳಗೆ ಹೋದರು.

ಮಾನಸ ದಾಮೋದರಣ್ಣನ ಮುಖ ನೋಡಿದಳು. ಅಷ್ಟು ದಿನ ಜೊತೆಗೇ ಇದ್ದ ಮುಖ. "ನೀವೇ ಮಾಡಿ ದಾಮೋದರಣ್ಣ," ಎಂದಳು. "ನನಗೆ ಯಾಕೆ ಹೊಳೆಯಲಿಲ್ಲವೋ."

ಆ ದೃಶ್ಯಕ್ಕೆ ಕಡೆಯ ಎರಡು ಸಂಜೆಗಳನ್ನು ಇಟ್ಟುಕೊಂಡಿದ್ದರು. ಮೂರನೆಯ ದಿನ ಬೆಳಗ್ಗೆ ಲಿಯೋನೆಲರ ಕೈಗೆ ಬೀಗದ ಕೈ ಕೊಡಬೇಕು, ಮಧ್ಯಾಹ್ನ ಹಂಚು ಇಳಿಸುವವರು ಬರುತ್ತಾರೆ. ಚಹಾ ತಿಂಡಿಗೆ ಬೇಕಾದ ನಾಲ್ಕು ಪಾತ್ರೆ ಬಿಟ್ಟು ಸಾಮಾನು ಆಗಲೇ ಕಾರ್ಕಳಕ್ಕೆ ಹೋಗಿತ್ತು. ಮನೆ ಖಾಲಿ, ಗೋಡೆಯಲ್ಲಿ ಕಪಾಟು ಇದ್ದ ಜಾಗದ ಬಿಳಿ ಗುರುತು.

ಮೊದಲ ಸಂಜೆ ದಾಮೋದರಣ್ಣ ಮಿಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದರು. ಕ್ಯಾಮರಾ ಅಂಗಳದಲ್ಲಿ, ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಮಾನಸ ಹೇಳಿದ ಕೂಡಲೇ ಅವರು ಹೊಸ್ತಿಲಿಗೆ ಬಂದರು. ಬಾಗಿಲ ಚೌಕಟ್ಟಿಗೆ ಕೈಯಿಟ್ಟರು. ತಿರುಗಿ ಒಳಗೆ ನೋಡಿ ಎದೆ ಮುಟ್ಟಿಕೊಂಡರು. ಆಮೇಲೆ ಗದ್ದ ಎತ್ತಿ ಆಕಾಶ ನೋಡಿದರು, ಕಣ್ಣಿಂದ ನೀರು ಇಳಿಯಿತು.

"ದಾಮೋದರಣ್ಣ, ಸ್ವಲ್ಪ ಕಡಿಮೆ ಮಾಡುವ," ಎಂದಳು ಮಾನಸ.

"ಎಂತ ಕಡಿಮೆ?"

ಮಾನಸ ಯೋಚಿಸಿ, "ಎಲ್ಲ," ಎಂದಳು.

ಮತ್ತೊಮ್ಮೆ ಮಾಡಿದರು. ಈ ಸಲ ಎದೆ ಮುಟ್ಟಲಿಲ್ಲ, ಅದರ ಬದಲು ನಿಟ್ಟುಸಿರು ಬಂತು. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳುವ ನಿಟ್ಟುಸಿರು. ನೋಡಲು ನಿಂತಿದ್ದ ಅಕ್ಕುವಿಗೆ ನಗು ತಡೆದು ಕೆಮ್ಮು ಬಂತು. ನಂದನ ಸಣ್ಣ ಪರದೆಯಲ್ಲಿ ಅವರಿಗೇ ತೋರಿಸಿದ. ದಾಮೋದರಣ್ಣ ಕನ್ನಡಕ ಹಾಕಿ ಬಗ್ಗಿ ನೋಡಿದರು. ಅಲ್ಲಿ ರಾಜ್ಯ ಕಳೆದುಕೊಂಡ ಒಬ್ಬ ರಾಜ ನಿಂತಿದ್ದ. ಯುವಕ ಮಂಡಲದ ನಾಟಕದ್ದೇ ರಾಜ. ಅವರಿಗೆ ಅದನ್ನು ನೋಡಿ ಬೇಸರವಾದದ್ದು ಒಂದೇ ಕಾರಣಕ್ಕೆ. ಆ ಕಣ್ಣೀರು ನಿಜವಾಗಿತ್ತು. ಆದರೂ ಪರದೆಯಲ್ಲಿ ಕಂಡದ್ದು ಸುಳ್ಳು.

ಬೆಳಕು ಹೋಯಿತು. ಮಾನಸ ಹತ್ತಿರ ಬಂದು ತಗ್ಗಿದ ಸ್ವರದಲ್ಲಿ ಹೇಳಿದಳು, "ನಾಳೆ ಸಂಜೆ ಇನ್ನೊಮ್ಮೆ ಮಾಡುವ ದಾಮೋದರಣ್ಣ. ಆದರೆ ನಾಡಿದ್ದು ಮನೆ ಇರುವುದಿಲ್ಲ. ಉಡುಪಿಯಲ್ಲಿ ಸುಘೋಷ ಅಂತ ನಾಟಕದವರು ಒಬ್ಬರು ಇದ್ದಾರೆ, ಅವರಿಗೂ ಬರಲಿಕ್ಕೆ ಹೇಳಿರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ."

"ಎಂತ ಬೇಸರ? ಹೇಳಿ, ಹೇಳಿ. ಸಿನೆಮಾ ಚೆನ್ನಾಗಿ ಬರಬೇಕಲ್ಲ," ಎಂದರು ದಾಮೋದರಣ್ಣ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದಾಗಲೂ, ಹಿಂದೆ ತುಂಬ ಜಾಗ ಉಂಟು ಎಂದು ಹೇಳುತ್ತಿದ್ದ ಅದೇ ಸ್ವರದಲ್ಲಿ.

ಮರುದಿನ ಬೆಳಗ್ಗೆ ಸುಭಾಷಿಣಿ ಉಳಿದ ಗಿಡಗಳಿಂದ ಕಡೆಯ ಮೊಗ್ಗು ಕೊಯ್ದು ಜಗಲಿಯಲ್ಲಿ ಕುಳಿತಿದ್ದರು. ದಾಮೋದರಣ್ಣ ಕಂಬಕ್ಕೆ ಒರಗಿ, ಕುಡಿಯದೆ ಬಿಟ್ಟ ಚಹಾದ ಕಪ್ಪು ಹಿಡಿದು ಕುಳಿತಿದ್ದರು. ಗೇಟಿನಲ್ಲಿ ಅಕ್ಕು ಬುಟ್ಟಿ ಇಳಿಸಿದಳು. ಕಾಪುವಿನಿಂದ ಮೊದಲ ಬಸ್ಸಿಗೇ ಬಂದವಳು.

"ಎಂತ ಸುಭಾಷಿಣಕ್ಕ, ರಾಜರಿಗೆ ಇನ್ನೂ ರಾಜ್ಯ ಸಿಕ್ಕಿಲ್ಲವಾ?"

"ಹೋಗು ಮಾರಾಯ್ತಿ, ಅವರು ರಾತ್ರಿ ಉಂಡಿಲ್ಲ," ಎಂದರು ಸುಭಾಷಿಣಿ.

"ನಮಗೆಲ್ಲ ಬಸ್ಸಿಗೆ ಹತ್ತುವ ಹಾಗೆ ಬನ್ನಿ ಅಂತ ಪಾಠ ಹೇಳಿದ್ದು ಇವರೇ ಅಲ್ವಾ? ನಿನ್ನೆ ಇವರು ಹತ್ತಿದ್ದು ಯಾವ ಬಸ್ಸಿಗೆ? ನಾನು ನೋಡುವಾಗ ವಿಮಾನಕ್ಕೆ ಹತ್ತುವ ಹಾಗೆ ಕಂಡಿತು."

ದಾಮೋದರಣ್ಣನಿಗೆ ಸಿಟ್ಟು ಬಂತು, ಜೊತೆಗೆ ನಗುವೂ ಬಂತು. "ನಾನು ಯಾವಾಗ ಬಸ್ಸಿಗೆ ಹತ್ತಿದವನು ಅಕ್ಕು? ನಾನು ಹತ್ತಿಸಿದವನು. ನೀವು ಹೇಗೆ ಹತ್ತುತ್ತೀರಿ ಅಂತ ನನಗೆ ಗೊತ್ತುಂಟು. ನಾನು ಹೇಗೆ ಅಂತ ನನಗೆಂತ ಗೊತ್ತು?"

"ಹಾಗಾದರೆ ಇಷ್ಟು ವರ್ಷ ಬಸ್ಸಿನ ಹಿಂದೆ ಓಡಿಕೊಂಡು ಬರುತ್ತಿದ್ದಿರಾ? ಎಲ್ಲರೂ ಹತ್ತಿ ಆದ ಮೇಲೆ ಕಡೆಗೆ ನೀವೂ ಹತ್ತಲೇಬೇಕಲ್ಲ," ಎಂದು ಅಕ್ಕು ಬಂಗುಡೆಯೊಂದನ್ನು ಎತ್ತಿ ಸುಭಾಷಿಣಿಗೆ ತೋರಿಸಿದಳು. "ತಾಜಾ. ಪಾತ್ರೆ ಎಲ್ಲ ಕಾರ್ಕಳಕ್ಕೆ ಹೋಯಿತಾ? ಎಂತ ಹೆಂಗಸು ನೀವು, ಒಂದು ಮೀನಿನ ಪಾತ್ರೆಯಾದರೂ ಇಟ್ಟುಕೊಳ್ಳುವುದಲ್ಲವಾ."

ಅವರಿಬ್ಬರ ಮಾತು ಮೀನಿಗೆ ಹೋಯಿತು. ದಾಮೋದರಣ್ಣನ ಮನಸ್ಸು ಮಾತ್ರ ಅಕ್ಕುವಿನ ಆ ಹಿಂದಿನ ಮಾತಿನಲ್ಲೇ ನಿಂತಿತು.

ಕಡೆಗೆ. ಹೌದು, ಎಲ್ಲರೂ ಹತ್ತಿದ ಮೇಲೆ ಕಡೆಗೆ. ಬಾಗಿಲಿನ ಸಲಾಕೆ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ. ಆಗ ತಾನು ನೋಡುತ್ತಿದ್ದದ್ದು ಎಂತ? ಓಣಿಯಲ್ಲಿ ಯಾರಾದರೂ ಕೊಡೆ ಎತ್ತಿ ಓಡಿ ಬರುತ್ತಿದ್ದಾರಾ. ಯಾರದಾದರೂ ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿದೆಯಾ. ಮಗುವಿನ ಚಪ್ಪಲಿ ಕೆಳಗೆ ಬಿತ್ತಾ. ಇಳಿದವರ ಚೀಲ ಸೀಟಿನ ಮೇಲೆ ಉಳಿಯಿತಾ. ಉಳಿದದ್ದು ಏನೂ ಇಲ್ಲ ಎಂದು ಕಂಡ ಮೇಲೆ ಹೊರಡುವುದು. ಆ ಹೊತ್ತಿಗೆ ತನಗೊಂದು ಮುಖ ಇದೆ ಎಂಬುದೇ ನೆನಪಿರುತ್ತಿರಲಿಲ್ಲ.

ಅವರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

"ಇನ್ನೊಂದು ಬಿಸಿ ಕೊಡಲಾ?" ಸುಭಾಷಿಣಿ ಕೇಳಿದರು.

"ಬೇಡ. ತಿಂಡಿ ಎಂತ ಉಂಟು?"

ಸಂಜೆ ಸುಘೋಷ ತನ್ನ ಕಾರಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ದಾಮೋದರಣ್ಣನಿಗೆ ಕೈಮುಗಿದು, "ನಾನು ಸುಮ್ಮನೆ ನೋಡಲಿಕ್ಕೆ ಬಂದದ್ದು" ಎಂದು ಸುಳ್ಳು ಹೇಳಿ, ಪೇರಳೆ ಮರದ ಕೆಳಗೆ ಕುರ್ಚಿಯಲ್ಲಿ ಕುಳಿತರು. ಸಿರಿಲ್ ಪಾವಿನ ಸೈಕಲ್ ಗೋಡೆಗೆ ಒರಗಿಸಿ ನಿಂತರು. ಅಕ್ಕು ಊರಿಗೆ ಹೋಗುವ ಬಸ್ಸು ಬಿಟ್ಟು ಉಳಿದಿದ್ದಳು.

ದಾಮೋದರಣ್ಣ ಇವತ್ತು ಮನೆಯಲ್ಲಿ ಉಡುವ ಪಂಚೆ, ಹಳೆಯ ಅಂಗಿಯಲ್ಲೇ ಇದ್ದರು. ಮಾನಸ ಹೇಳಿದ ಕೂಡಲೇ ಹೊರಗೆ ಬಂದರು, ಚಿಲಕ ಎಳೆದರು, ಇಳಿದು ಹೋದರು. ಮರದ ತುಂಡು ನಡೆದ ಹಾಗಿತ್ತು.

"ಈಗ ತೀರಾ ಕಡಿಮೆ ಆಯಿತು," ಎಂದಳು ಮಾನಸ.

"ನಿನ್ನೆ ಉಪ್ಪು ಹೆಚ್ಚು, ಇವತ್ತು ಉಪ್ಪೇ ಇಲ್ಲ," ಎಂದರು ಸಿರಿಲ್, ಯಾರಿಗೂ ಹೇಳದ ಹಾಗೆ.

ನಂದನ ಬಿಸಿಲನ್ನು ನೋಡಿದ. ಅದು ಆಗಲೇ ಜಗಲಿಯ ಮೆಟ್ಟಿಲಿಂದ ಇಳಿಯುತ್ತಿತ್ತು. "ಇನ್ನೊಂದೇ ಸಲಕ್ಕೆ ಬೆಳಕು ಉಂಟು ಮಾನಸ," ಎಂದ. ಪೇರಳೆ ಮರದ ಕೆಳಗಿನ ಕುರ್ಚಿಯ ಕಡೆ ಮಾನಸಳ ಕಣ್ಣು ಒಮ್ಮೆ ಹೋಗಿ ಬಂದದ್ದನ್ನು ದಾಮೋದರಣ್ಣ ನೋಡಿದರು. ಯಾರ ಕಣ್ಣು ಎತ್ತ ಹೋಗುತ್ತದೆಂದು ನೋಡುವುದೇ ಅಲ್ಲವೇ ಅವರ ಜನ್ಮದ ಕೆಲಸ.

"ಮೇಡಂ, ಆ ಒಂದು ಸಲ ನನಗೆ ಕೊಡುತ್ತೀರಾ?" ಎಂದರು. "ಆಗದಿದ್ದರೆ ಸುಘೋಷರು ಹೇಗೂ ಇದ್ದಾರೆ, ಅಂಗಳದಲ್ಲಿ ಅವರನ್ನು ಬೇರೆ ಹೇಗಾದರೂ ತೆಗೆದುಕೊಳ್ಳಿ. ಆದರೆ ನನಗೆ ಖಾಲಿ ಬಸ್ಸು ಬೇಕು. ಒಳಗೆ ಯಾರೂ ಇರಬಾರದು, ಬಾಗಿಲಲ್ಲೂ ನಿಲ್ಲಬಾರದು."

ಮಾನಸ ನಂದನನತ್ತ ತಿರುಗಿ, "ಆಯಿತು," ಎಂದಳು.

ದಾಮೋದರಣ್ಣ ಜಗಲಿಯ ಮೇಲೆ ನಿಂತು, ಅಷ್ಟು ವರ್ಷ ಉಡುಪಿಯಿಂದ ಕಾರ್ಕಳದವರೆಗೆ ಕೇಳಿದ ಸ್ವರದಲ್ಲಿ ಹೇಳಿದರು, "ದುಂಬು ಪೋಲೆ. ದುಂಬು ಪೋಲೆ. ಅಕ್ಕು, ಬುಟ್ಟಿ ಬದಿಗೆ. ಪೊರ್ಬುಗಳೇ, ಸೈಕಲ್ ಆಚೆ."

ಒಳಗೆ ವಯರು ಸುತ್ತುತ್ತಿದ್ದ ಹುಡುಗರು ಹೊರಗೆ ಬಂದರು. ಅಕ್ಕು ಮಾತಿಲ್ಲದೆ ಬುಟ್ಟಿ ಎತ್ತಿದಳು. ಸುಘೋಷರೂ ಯಾಕೆಂದು ಗೊತ್ತಾಗದೆ ಎದ್ದು, ಕುರ್ಚಿ ಹಿಡಿದು ಗೇಟಿನವರೆಗೆ ಸರಿದರು. ಸುಭಾಷಿಣಿ ಎಲ್ಲರಿಗಿಂತ ಕಡೆಗೆ ಇಳಿದು, ಗಂಡನ ಎದುರು ಬಂದಾಗ ಕೈಯಲ್ಲಿ ಹೂವಿಲ್ಲದ್ದರಿಂದಲೋ ಏನೋ, ಅವರ ಮುಖವನ್ನೇ ನೋಡಿದರು. ನೋಡಿ, ಅಂಗಳಕ್ಕೆ ಹೋಗಿ ನಿಂತರು.

ದಾಮೋದರಣ್ಣ ಒಳಗೆ ಹೋದರು.

ಹೊರಗೆ ಮಾನಸ ಶುರುಮಾಡಿ ಎಂದದ್ದು ಕೇಳಿತೋ ಇಲ್ಲವೋ. ಮೊದಲು ಹಿಂದಿನ ಕೋಣೆ. ಕಿಟಕಿಯ ಕೊಂಡಿ ಬಿಚ್ಚಿತ್ತು, ಹಾಕಿದರು. ಅಡಿಗೆಮನೆ. ಒಲೆಯ ಕಟ್ಟೆಯ ಮೇಲೆ ಏನೂ ಇಲ್ಲ, ಕಟ್ಟೆಯ ಕೆಳಗೂ ಬಗ್ಗಿ ನೋಡಿದರು, ಬೆಕ್ಕು ಕುಳಿತಿತ್ತು. "ಇಳಿಯುವುದಿಲ್ಲವಾ ನೀನು? ಲಾಸ್ಟ್ ಸ್ಟಾಪ್," ಎಂದು ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನಡುಮನೆ. ಹರಿಪ್ರಿಯಾ ಸಣ್ಣವಳಿದ್ದಾಗ ಗೋಡೆಗೆ ಬರೆದ ಅಕ್ಷರ ಒಂದು ಉಳಿದಿತ್ತು, ಅದನ್ನು ತೆಗೆದುಕೊಂಡು ಹೋಗಲು ಆಗುವುದಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಸುಭಾಷಿಣಿಯ ಬಾಳೆನಾರಿನ ಸುರುಳಿ ತೂಗುತ್ತಿತ್ತು. ಇಷ್ಟು ಸಾಮಾನು ಕಟ್ಟಿದ ಹೆಂಗಸು, ಹೂ ಕಟ್ಟುವ ನಾರನ್ನೇ ಮರೆತಿದ್ದಾಳೆ. ಬೈಯಬೇಕು ಎಂದುಕೊಂಡು ಅದನ್ನು ಜೇಬಿಗೆ ತುರುಕಿದರು.

ಹೊಸ್ತಿಲಿಗೆ ಬಂದರು. ಒಂದು ಕಾಲು ಒಳಗೆ, ಒಂದು ಕಾಲು ಮೆಟ್ಟಿಲ ಮೇಲೆ. ಎಡಗೈ ಚೌಕಟ್ಟಿನಲ್ಲಿ, ಕಂಕುಳಲ್ಲಿ ಬೆಕ್ಕು. ತಲೆ ತಿರುಗಿಸಿ ಒಳಗೆ ನೋಡಿದರು, ಹಿಂದಿನ ಸೀಟಿನವರೆಗೆ ನೋಡುವ ಹಾಗೆ, ಉದ್ದಕ್ಕೆ. ಆಮೇಲೆ ಹೊರಗೆ, ಓಣಿಯ ಕೊನೆಯವರೆಗೆ. ಯಾರೂ ಓಡಿ ಬರುತ್ತಿರಲಿಲ್ಲ. ಯಾರದೂ ಏನೂ ಉಳಿದಿರಲಿಲ್ಲ. ಜಗಲಿಯಿಂದ ಇಳಿಯುತ್ತಿದ್ದ ಬಿಸಿಲಿನ ಕೊನೆಯ ತುಂಡು ಅವರ ಮುಖದ ಮೇಲೆ ನಿಂತಿತ್ತು. ಅಂಗಳದಲ್ಲಿ ಅಕ್ಕು ಬುಟ್ಟಿ ಹಿಡಿದೇ ನಿಂತಿದ್ದಳು, ನಂದನನ ಕಣ್ಣು ಕ್ಯಾಮರಾದಿಂದ ಏಳಲಿಲ್ಲ. ಅದು ಯಾವುದೂ ದಾಮೋದರಣ್ಣನಿಗೆ ಗೊತ್ತಿಲ್ಲ.

ಬಾಗಿಲು ಎಳೆದು ಬೀಗ ಹಾಕಿದರು. ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಅಂಗೈ ಬಿಡಿಸಿ, ಮರದ ಬಾಗಿಲಿಗೆ ಎರಡು ಸಲ ಬಡಿದರು.

ಅಷ್ಟು ವರ್ಷ ಎರಡು ಸಲ ಬಡಿದರೆ ಬಸ್ಸು ಹೊರಡುತ್ತಿತ್ತು. ಇವತ್ತು ಮನೆ ಅಲ್ಲೇ ನಿಂತಿತು, ದಾಮೋದರಣ್ಣ ಮೆಟ್ಟಿಲು ಇಳಿದು, ಬೆಕ್ಕನ್ನು ಸರಿಯಾಗಿ ಎತ್ತಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ಹೊರಟರು.